ಬಂಡೆಯ ಮೇಲಿನ ಬಣ್ಣದ ಕಲೆ ಶುದ್ಧ ಗಾಳಿಯ ಸರ್ಟಿಫಿಕೇಟೇ?

ಚಾರಣದ ಸೀಸನ್ ಶುರುವಾದರೆ ಸಾಕು, ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಈ ಬಗೆಯದ್ದು ಒಂದಾದರೂ ಇರುತ್ತದೆ. ಫೋಟೋದಲ್ಲಿ ಬೆಟ್ಟದ ಒಂದು ಬಂಡೆ. ಅದರ ಮೇಲೆ ಬೂದು, ಹಳದಿ, ಕಿತ್ತಳೆ ಬಣ್ಣದ ಕಲೆಗಳು, ಯಾರೋ ಪೇಂಟ್ ಚೆಲ್ಲಿದ ಹಾಗೆ. ಕೆಳಗೆ ಬರಹ: ಇದು ಲೈಕೆನ್, ಇದು ಬೆಳೆಯುವ ಜಾಗದಲ್ಲಿ ಗಾಳಿ ನೂರಕ್ಕೆ ನೂರು ಶುದ್ಧ, ಇಲ್ಲಿ ಹತ್ತು ನಿಮಿಷ ಉಸಿರಾಡಿದರೆ ಶ್ವಾಸಕೋಶ ಸ್ವಚ್ಛ, ಎಲ್ಲರಿಗೂ ಕಳಿಸಿ.

ಓದುಗರೊಬ್ಬರು ಇದನ್ನು ಕಳಿಸುವಾಗ ಜೊತೆಗೊಂದು ಪ್ರಶ್ನೆ ಸೇರಿಸಿದ್ದರು. ಅವರ ಊರಿನ ಹತ್ತಿರ ಸುಣ್ಣಕಲ್ಲಿನ ಕ್ವಾರಿ ಇದೆ. ಧೂಳಿನ ಬಗ್ಗೆ ಯಾರಾದರೂ ಮಾತೆತ್ತಿದರೆ, ಗುಡ್ಡದ ಬಂಡೆಗಳ ಮೇಲಿನ ಕಿತ್ತಳೆ ಕಲೆಗಳನ್ನು ತೋರಿಸಿ, "ಗಾಳಿ ಕೆಟ್ಟಿದ್ರೆ ಇದು ಬೆಳೀತಿತ್ತಾ?" ಎಂದು ಬಾಯಿ ಮುಚ್ಚಿಸುತ್ತಾರಂತೆ. "ಇದು ನಿಜಾನಾ, ಸ್ವಲ್ಪ ನೋಡಿ ಹೇಳಿ" ಎಂದು ಕೇಳಿದ್ದರು.

ಲೈಕೆನ್‌ಗೂ ಗಾಳಿಗೂ ಸಂಬಂಧ ಇರುವುದು ನಿಜ. ಆದರೆ ಬೆಟ್ಟದ ಬಂಡೆಯ ಮೇಲೆ ಯಾವ ಲೈಕೆನ್ ಬೆಳೆಯಬೇಕು ಎಂಬುದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಗಾಳಿ ಒಂದು ಮಾತ್ರ. ಕಲ್ಲಿನ ಜಾತಿ, ನೀರು ಬರುವ ರೀತಿ, ಬಿಸಿಲು, ಹಿಮ, ಹಕ್ಕಿಗಳು, ಬಂಡೆಯ ವಯಸ್ಸು, ಇವೆಲ್ಲ ಅದಕ್ಕಿಂತ ಮೊದಲು ಮಾತಾಡುತ್ತವೆ. ಕ್ವಾರಿ ಊರಿನ ಪ್ರಶ್ನೆಗೆ ಉತ್ತರ ಬೇಕಾದರೆ ಇವನ್ನು ಒಂದೊಂದಾಗಿ ನೋಡಿಯೇ ಅಲ್ಲಿಗೆ ಬರಬೇಕು.

ಮಸಾಲೆ ಡಬ್ಬಿಯಿಂದ ಶುರು ಮಾಡೋಣ

ಲೈಕೆನ್ ಎಂಬ ಹೆಸರು ಹೊಸದೆನಿಸಿದರೂ ಅದು ನಮ್ಮ ಅಡುಗೆಮನೆಗೆ ಹೊಸತಲ್ಲ. ಬಿಸಿಬೇಳೆಬಾತ್ ಪುಡಿಗೆ, ಗರಂ ಮಸಾಲೆಗೆ ಹಾಕುವ ಕಲ್ಲುಹೂವು ಲೈಕೆನ್ನೇ. ಕೆಲವು ಕಡೆ ದಗಡ್ ಫೂಲ್ ಎಂದು ಕೇಳಿ ತರುವುದೂ ಅದನ್ನೇ. ಒಂದು ಕಡೆ ಬೂದು, ಇನ್ನೊಂದು ಕಡೆ ಕಪ್ಪು, ಮುಟ್ಟಿದರೆ ಒಣಗಿದ ಎಲೆಯಂತೆ ಮುರಿಯುತ್ತದೆ. ಹೆಸರಿನಲ್ಲಿ ಕಲ್ಲಿದ್ದರೂ ಅಂಗಡಿಗೆ ಬರುವ ಕಲ್ಲುಹೂವಿನ ಬಹುಪಾಲು ಕಲ್ಲಿನದಲ್ಲ, ಹಿಮಾಲಯದ ತಪ್ಪಲಿನ ಓಕ್‌ನಂಥ ಮರಗಳ ತೊಗಟೆಯಿಂದ ಕಿತ್ತದ್ದು. ಈ ಲೇಖನದಲ್ಲಿ ನಾವು ಮಾತಾಡುವುದು ನಿಜವಾಗಿಯೂ ಕಲ್ಲಿನ ಮೇಲೇ ಬದುಕುವ ಕಲ್ಲುಹೂವುಗಳ ಬಗ್ಗೆ.

ಇದು ಹೂವಲ್ಲ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬುವ ಹಾವಸೆಯೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಸೇರಿ ಮಾಡಿಕೊಂಡ ಸಂಸಾರ ಇದು. ಅಣಬೆ ಇರುವ ಗುಂಪಿಗೇ ಶಿಲೀಂಧ್ರವೂ ಸೇರುತ್ತದೆ. ಅದು ಮನೆ ಕಟ್ಟುತ್ತದೆ, ಕಲ್ಲನ್ನು ಹಿಡಿದುಕೊಳ್ಳುತ್ತದೆ, ನೀರು ಹೀರುತ್ತದೆ. ಒಳಗಿರುವ ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಇಬ್ಬರ ಹೊಟ್ಟೆಯನ್ನೂ ತುಂಬಿಸುತ್ತದೆ. ಕೆಲವು ಲೈಕೆನ್‌ಗಳಲ್ಲಿ ಹಸಿರು ಪಾಚಿಯ ಜಾಗದಲ್ಲಿ ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ ಇರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೈಕೆನ್ ಒಂದಲ್ಲ, ಎರಡು ಜೀವಿ ಎಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1867ರಲ್ಲಿ ಹೇಳಿದಾಗ ಅಂದಿನ ದೊಡ್ಡ ಲೈಕೆನ್ ತಜ್ಞರೇ ಸಿಟ್ಟಾಗಿದ್ದರು. ಜಗತ್ತಿನಲ್ಲಿ ಇಂದು ಸುಮಾರು 20,000 ಬಗೆಯ ಲೈಕೆನ್‌ಗಳನ್ನು ಗುರುತಿಸಲಾಗಿದೆ. ಭಾರತದಲ್ಲೇ ಎರಡೂವರೆ ಸಾವಿರಕ್ಕೂ ಹೆಚ್ಚಿವೆ. ಲಖನೌದ ಡಿ.ಡಿ. ಅವಸ್ಥಿ ಅವರು ಈ ಅಧ್ಯಯನಕ್ಕೆ ನಮ್ಮಲ್ಲಿ ಬುನಾದಿ ಹಾಕಿದರು. ಹಾಗಾಗಿ "ಲೈಕೆನ್ ಇದೆ" ಎಂದು ಹೇಳುವುದು "ಹಕ್ಕಿ ಇದೆ" ಎಂದಷ್ಟೇ ಹೇಳಿದ ಹಾಗೆ. ಕಾಗೆಯೋ, ಮಲಬಾರ್ ಮಂಗಟ್ಟೆಯೋ ಎಂದು ಹೇಳದಿದ್ದರೆ ಕಾಡಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಬೇರಿಲ್ಲ, ನೀರಿನ ಟ್ಯಾಂಕೂ ಇಲ್ಲ

ಗಿಡಕ್ಕೆ ಬೇರಿದೆ, ಮಣ್ಣಿನಿಂದ ನೀರು ಎಳೆಯುತ್ತದೆ. ಎಲೆಯ ಮೇಲೆ ಮೇಣದ ಪದರವಿದೆ, ನೀರು ಆರಿಹೋಗದಂತೆ ತಡೆಯುತ್ತದೆ. ಲೈಕೆನ್‌ಗೆ ಎರಡೂ ಇಲ್ಲ. ಮಳೆ ಬಿದ್ದರೆ ಒದ್ದೆ, ಬಿಸಿಲು ಬಂದರೆ ಒಣ. ಮೇಜಿನ ಮೇಲೆ ಬಿದ್ದ ಬಟ್ಟೆಯ ತುಂಡಿಗೆ ಏನಾಗುತ್ತದೋ ಅದಕ್ಕೂ ಅದೇ ಆಗುತ್ತದೆ. ಆದರೆ ಒಣಗಿದರೆ ಅದು ಸಾಯುವುದಿಲ್ಲ. ಕೆಲಸವನ್ನೆಲ್ಲ ನಿಲ್ಲಿಸಿ ಮಲಗಿಬಿಡುತ್ತದೆ. ಮತ್ತೆ ನೀರು ತಾಗಿದರೆ ಕೆಲವೇ ನಿಮಿಷಗಳಲ್ಲಿ ಎದ್ದು ಕೂರುತ್ತದೆ.

ಇದನ್ನು ನೀವೇ ನೋಡಬಹುದು. ಬೇಸಿಗೆಯ ಆರಂಭದಲ್ಲಿ ಬೆಟ್ಟ ಹತ್ತಿದಾಗ ಬಂಡೆಯ ಮೇಲೆ ಎಲೆಯಂತೆ ಹರಡಿದ ಬೂದು ಲೈಕೆನ್ ಸಿಕ್ಕರೆ, ಕುಡಿಯುವ ಬಾಟಲಿಯಿಂದ ನಾಲ್ಕು ಹನಿ ಅದರ ಮೇಲೆ ಬಿಡಿ. ನೋಡನೋಡುತ್ತಲೇ ಬೂದು ಬಣ್ಣ ಹಸಿರಿಗೆ ತಿರುಗುತ್ತದೆ. ಮೇಲಿನ ಪದರ ನೀರು ಕುಡಿದು ಪಾರದರ್ಶಕವಾಗಿ, ಒಳಗಿನ ಪಾಚಿ ಕಾಣಿಸತೊಡಗುತ್ತದೆ. ನಾವು ಮೊದಲ ಸಲ ಹೀಗೆ ಮಾಡಿದಾಗ ಮುಂದಿನ ಅರ್ಧ ಗಂಟೆ ಚಾರಣ ಮರೆತು ಕಂಡ ಕಂಡ ಬಂಡೆಗೆಲ್ಲ ನೀರು ಹನಿಸುತ್ತಾ ಕೂತಿದ್ದೆವು.

ಹೀಗೆ ಎದ್ದು ಮಲಗುವ ಜೀವಕ್ಕೆ ಒಂದು ಲೆಕ್ಕ ಸದಾ ಸರಿಹೊಂದಬೇಕು. ಒದ್ದೆಯಾಗಿರುವಾಗ ಬೆಳಕೂ ಇದ್ದರೆ ಸಕ್ಕರೆಯ ಆದಾಯ. ಒದ್ದೆಯಾಗಿದ್ದು ಕತ್ತಲಾಗಿದ್ದರೆ ಬರೀ ಉಸಿರಾಟ, ಅಂದರೆ ಖರ್ಚು. ಒಣಗಿದ್ದರೆ ಆದಾಯವೂ ಇಲ್ಲ, ಖರ್ಚೂ ಇಲ್ಲ. ಇಬ್ಬನಿ ಬೀಳುವ ಜಾಗದಲ್ಲಿ ಬೆಳಗಿನ ಒಂದೆರಡು ಗಂಟೆಯೇ ದಿನದ ಸಂಪಾದನೆಯ ಹೊತ್ತು. ಬಿಸಿಲೇರಿದ ಮೇಲೆ ಅಂಗಡಿ ಬಂದ್. ಬೆಟ್ಟದ ಒಂದೊಂದು ಬಂಡೆಯೂ, ಬಂಡೆಯ ಒಂದೊಂದು ಮುಖವೂ ಈ ಲೆಕ್ಕವನ್ನು ಬೇರೆ ಬೇರೆ ಥರ ಬರೆಯುತ್ತದೆ.

ಒಂದೇ ಬಂಡೆಯ ಸುತ್ತ ಒಂದು ಸುತ್ತು

ಬಂಡೆ ಲೈಕೆನ್‌ಗಳನ್ನು ಬಹಳ ಕಾಲದಿಂದ, ಬಹಳ ವಿವರವಾಗಿ ಅಧ್ಯಯನ ಮಾಡಿರುವುದು ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ. ಹಾಗಾಗಿ ಉದಾಹರಣೆಗೆ ಅಲ್ಲಿಗೇ ಹೋಗೋಣ. ಮರಗಳು ಮುಗಿದು ಹುಲ್ಲು ಶುರುವಾಗುವ ಎತ್ತರದಲ್ಲಿ ಕಾರಿನಷ್ಟು ದೊಡ್ಡ ಗ್ರಾನೈಟ್ ಬಂಡೆಯೊಂದು ಇದೆ ಎಂದುಕೊಳ್ಳಿ.

ಬಂಡೆಯ ನೆತ್ತಿಯ ಮೇಲೆ ಉಜ್ವಲ ಕಿತ್ತಳೆ ಬಣ್ಣದ ಪಟ್ಟೆ. ಇದು ಝ್ಯಾಂತೋರಿಯಾ ಎಲಿಗಾನ್ಸ್ ಎಂಬ ಲೈಕೆನ್. ಅಲ್ಲೇ ಏಕೆ? ಹಕ್ಕಿಗಳು ಬಂದು ಕೂರುವುದು ಅಲ್ಲಿ. ಅವುಗಳ ಹಿಕ್ಕೆಯಲ್ಲಿ ಸಾರಜನಕವಿದೆ, ಈ ಲೈಕೆನ್‌ಗೆ ಅದು ಗೊಬ್ಬರ. ಪರ್ವತಗಳಲ್ಲಿ ಅಲ್ಲೊಂದು ಇಲ್ಲೊಂದು ಬಂಡೆಯ ತುದಿ ಮಾತ್ರ ಕಿತ್ತಳೆಯಾಗಿ ಕಂಡರೆ ಅದು ಹೆಚ್ಚಾಗಿ ಹಕ್ಕಿಯ ಕುರ್ಚಿ.

ಮಳೆ ನೇರವಾಗಿ ಬೀಳುವ, ಬಿಸಿಲು ಚೆನ್ನಾಗಿ ತಾಗುವ ಇಳಿಜಾರಿನಲ್ಲಿ ಹಳದಿ ಹಸಿರು ಬಣ್ಣದ ತೇಪೆಗಳು, ಸುತ್ತ ಕಪ್ಪು ಗೆರೆ. ದೇಶದೇಶಗಳ ಗಡಿ ಬರೆದ ಭೂಪಟದಂತೆ ಕಾಣುವುದರಿಂದ ಇದಕ್ಕೆ ಭೂಪಟ ಲೈಕೆನ್ ಎಂದೇ ಹೆಸರು, ವೈಜ್ಞಾನಿಕವಾಗಿ ರೈಜೋಕಾರ್ಪನ್ ಜಿಯೋಗ್ರಾಫಿಕಮ್. ಕಲ್ಲಿಗೆ ಎಷ್ಟು ಅಂಟಿಕೊಂಡಿರುತ್ತದೆಂದರೆ ಕಲ್ಲನ್ನೇ ಕೆತ್ತದೆ ತೆಗೆಯಲಾಗದು.

ಪಕ್ಕದಲ್ಲಿ, ಮಳೆ ನಿಂತ ಮೇಲೂ ನೀರು ಜಿನುಗುವ ದಾರಿಯಲ್ಲಿ, ಶಾಯಿ ಸುರಿದಂಥ ಕಪ್ಪು ಪಟ್ಟೆಗಳು. ಇಲ್ಲಿ ನೀಲಿ-ಹಸಿರು ಪಾಚಿಯವರ ರಾಜ್ಯ. ಬಂಡೆ ಮುಂದಕ್ಕೆ ಚಾಚಿ ಸೂರಿನಂತಾಗಿರುವ ಕಡೆ, ಮಳೆಹನಿಯೇ ತಾಗದ ನೆರಳಿನಲ್ಲಿ, ಪುಡಿ ಎರಚಿದಂಥ ಹಳದಿ ಅಥವಾ ಬೂದು ಲೈಕೆನ್. ಈ ಹಂಚಿಕೆಗೆ ಒಂದು ಸೊಗಸಾದ ಕಾರಣವಿದೆ. ಹಸಿರು ಪಾಚಿ ಇರುವ ಲೈಕೆನ್ ಗಾಳಿಯಲ್ಲಿರುವ ತೇವವನ್ನಷ್ಟೇ ಹೀರಿಯೂ ಎಚ್ಚರವಾಗಬಲ್ಲದು. ನೀಲಿ-ಹಸಿರು ಪಾಚಿ ಇರುವುದಕ್ಕೆ ತೇವ ಸಾಲದು, ನಿಜವಾದ ನೀರೇ ತಾಗಬೇಕು. ಜರ್ಮನಿಯ ಓಟ್ಟೋ ಲಾಂಗೆ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಆದ್ದರಿಂದ ಸೂರಿನಡಿ ಒಬ್ಬರು, ನೀರಿನ ದಾರಿಯಲ್ಲಿ ಇನ್ನೊಬ್ಬರು. ಎರಡರ ನಡುವೆ ಅಂತರ ಎರಡು ಮೀಟರ್ ಇದ್ದರೆ ಹೆಚ್ಚು.

ಬಂಡೆಯ ಬುಡಕ್ಕೆ ಬನ್ನಿ. ಹಿಮ ಬೇಸಿಗೆಯವರೆಗೂ ಕರಗದೆ ಕೂರುವ ತಗ್ಗಿದ್ದರೆ ಅಲ್ಲಿ ಕಲ್ಲು ಬರಿಗಲ್ಲಾಗಿಯೇ ಇರಬಹುದು. ಹಿಮದ ತೆಳು ಹೊದಿಕೆ ಗಾಳಿಯ ಹೊಡೆತದಿಂದ ಕಾಪಾಡುತ್ತದೆ, ಕರಗಿದಾಗ ನೀರನ್ನೂ ಕೊಡುತ್ತದೆ. ಆದರೆ ವರ್ಷದ ಬಹುಪಾಲು ಹಿಮದಡಿಯೇ ಕಳೆದರೆ ಬೆಳಕಿಲ್ಲದೆ ಭೂಪಟ ಲೈಕೆನ್‌ನಂಥವು ಉಳಿಯುವುದಿಲ್ಲ.

ಈ ಇಡೀ ಸುತ್ತಿನಲ್ಲಿ ನೆತ್ತಿಯ ಮೇಲೂ ಬುಡದಲ್ಲೂ ಇದ್ದ ಗಾಳಿ ಒಂದೇ. ಫಾರ್ವರ್ಡ್ ಮಾಡುವವರು ನೆತ್ತಿಯ ಫೋಟೋ ತೆಗೆದರೆ "ಅದ್ಭುತ ಶುದ್ಧ ಗಾಳಿ", ಬುಡದ ಫೋಟೋ ತೆಗೆದರೆ "ಗಾಳಿ ವಿಷ" ಎನ್ನಬೇಕಾಗುತ್ತದೆ!

ಕಲ್ಲು ಬದಲಾದರೆ ಊರೇ ಬದಲು

ಅದೇ ಕಣಿವೆಯಲ್ಲಿ ಗ್ರಾನೈಟ್ ಬಂಡೆಯ ಪಕ್ಕ ಸುಣ್ಣಕಲ್ಲಿನ ಬಂಡೆಯೊಂದಿದ್ದರೆ ಭೂಪಟ ಲೈಕೆನ್ ಅದರ ಮೇಲೆ ಇರುವುದಿಲ್ಲ. ಗ್ರಾನೈಟ್‌ನಂಥ ಸಿಲಿಕಾ ಹೆಚ್ಚಿರುವ ಕಲ್ಲು ಸ್ವಲ್ಪ ಆಮ್ಲೀಯ. ಸುಣ್ಣಕಲ್ಲು ಕ್ಷಾರೀಯ. ಒಂದನ್ನು ಒಪ್ಪುವ ಲೈಕೆನ್ ಇನ್ನೊಂದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸುಣ್ಣಕಲ್ಲಿನಲ್ಲಿ ಕೆಲವು ಲೈಕೆನ್‌ಗಳು ಕಲ್ಲಿನ ಮೇಲಲ್ಲ, ಒಳಗೇ ವಾಸ. ತಾವೇ ಸುಣ್ಣವನ್ನು ಕರಗಿಸಿ ಕೆಲವು ಮಿಲಿಮೀಟರ್ ಆಳಕ್ಕೆ ಇಳಿಯುತ್ತವೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಮಾತ್ರ. ನೋಡಿದವರು "ಇಲ್ಲಿ ಏನೂ ಬೆಳೆದಿಲ್ಲ" ಎಂದುಕೊಂಡು ಮುಂದೆ ಹೋಗುತ್ತಾರೆ.

ಯುರೋಪಿನ ಹಳೆಯ ಗ್ರಾನೈಟ್ ಗೋಡೆಗಳಲ್ಲಿ ಇದು ಎದ್ದು ಕಾಣುತ್ತದೆ. ಕಲ್ಲಿನ ಮೇಲೆ ಬೂದು ಲೈಕೆನ್, ಕಲ್ಲುಗಳ ನಡುವಿನ ಸುಣ್ಣದ ಗಾರೆಯ ಮೇಲೆ ಗೆರೆ ಎಳೆದಂತೆ ಕಿತ್ತಳೆ ಲೈಕೆನ್. ಕಿತ್ತಳೆ ಬಣ್ಣದ ಹಲವು ಲೈಕೆನ್‌ಗಳಿಗೆ ಸುಣ್ಣವೂ ಇಷ್ಟ, ಸಾರಜನಕವೂ ಇಷ್ಟ. ಕ್ವಾರಿ ಊರಿನ ಪ್ರಶ್ನೆಗೆ ಇದು ಮುಖ್ಯ.

ಬಣ್ಣಕ್ಕೂ ಒಂದು ಕೆಲಸವಿದೆ. ಎತ್ತರಕ್ಕೆ ಹೋದಷ್ಟೂ ಅತಿನೇರಳೆ ಕಿರಣ ಜಾಸ್ತಿ. ಕಿತ್ತಳೆ, ಹಳದಿ, ಕಡುಕಂದು ವರ್ಣದ್ರವ್ಯಗಳು ಒಳಗಿನ ಪಾಚಿಗೆ ಛತ್ರಿ ಹಿಡಿದಂತೆ. ಬೆಟ್ಟದ ತುದಿಯ ಲೈಕೆನ್‌ಗಳು ಅಷ್ಟೊಂದು ಬಣ್ಣ ಬಣ್ಣವಾಗಿರುವುದಕ್ಕೆ ಗಾಳಿಯ ಶುದ್ಧತೆಗಿಂತ ಬಿಸಿಲಿನ ಕಾಟ ಹತ್ತಿರದ ಕಾರಣ. ಲಡಾಖ್‌ಗೆ ಬೈಕ್ ಓಡಿಸಿಕೊಂಡು ಹೋದವರು ಬರಡು ಬಂಡೆಗಳ ಮೇಲೆ ಕಂಡಿರುವ ಕಿತ್ತಳೆಯೂ ಈ ಗುಂಪಿನದೇ.

ಕಾಯುವ ವಿದ್ಯೆ

ಹಿಮಾಲಯದಲ್ಲಿ 7,000 ಮೀಟರ್‌ಗಿಂತ ಮೇಲೂ ಬಂಡೆ ಲೈಕೆನ್ ದಾಖಲಾಗಿದೆ. 2005ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು ಭೂಪಟ ಲೈಕೆನ್ ಮತ್ತು ಕಿತ್ತಳೆ ಝ್ಯಾಂತೋರಿಯಾವನ್ನು ಫೋಟಾನ್-ಎಂ2 ನೌಕೆಯಲ್ಲಿ ಕಳಿಸಿ ಸುಮಾರು ಎರಡು ವಾರ ನೇರ ಬಾಹ್ಯಾಕಾಶಕ್ಕೆ ಒಡ್ಡಿದರು. ವಾಪಸ್ ತಂದು ನೀರು ಹಾಕಿದಾಗ ಎರಡೂ ಮತ್ತೆ ದ್ಯುತಿಸಂಶ್ಲೇಷಣೆ ಶುರು ಮಾಡಿದವು. ಇದನ್ನು ಓದಿದವರು "ಹಾಗಾದರೆ ಇದಕ್ಕೆ ಸಾವೇ ಇಲ್ಲ" ಎನ್ನುತ್ತಾರೆ. ಒಂದು ವಿಷಯ ಬಿಟ್ಟುಹೋಗಿರುತ್ತದೆ. ಅಲ್ಲಿ ಅವು ಒಣಗಿ ಮಲಗಿದ್ದವು. ಒಣಗಿದಾಗ ಹಲವು ಲೈಕೆನ್‌ಗಳು 60 ಡಿಗ್ರಿ ಬಿಸಿಯನ್ನೂ ಸಹಿಸುತ್ತವೆ. ಒದ್ದೆಯಾಗಿ ಎಚ್ಚರವಿದ್ದಾಗ ಅದಕ್ಕಿಂತ ಬಹಳ ಕಡಿಮೆ ಬಿಸಿಯೂ ಕೊಲ್ಲುತ್ತದೆ. ವಿಷಾನಿಲದ ಕಥೆಯೂ ಹೀಗೇ.

ಗಟ್ಟಿಯಾಗಿದ್ದರೂ ಬೆಳವಣಿಗೆ ವಿಪರೀತ ನಿಧಾನ. ಆಲ್ಪ್ಸ್‌ನಲ್ಲಿ ಭೂಪಟ ಲೈಕೆನ್ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಆಸ್ಟ್ರಿಯಾದ ರೋಲಾಂಡ್ ಬೆಶೆಲ್ 1950ರಲ್ಲಿ ಈ ನಿಧಾನವನ್ನೇ ಗಡಿಯಾರ ಮಾಡಿಕೊಂಡರು. ಆಲ್ಪ್ಸ್‌ನ ಹಿಮನದಿಗಳು 1850ರ ಸುಮಾರಿಗೆ ದೊಡ್ಡದಾಗಿದ್ದು ಆಮೇಲೆ ಹಿಂದೆ ಸರಿದಿವೆ. ಸರಿಯುವಾಗ ಬಿಟ್ಟುಹೋದ ಕಲ್ಲುರಾಶಿಗಳ ಮೇಲೆ, ಹಿಮನದಿಯ ಬಾಯಿಂದ ದೂರ ಹೋದಷ್ಟೂ ಲೈಕೆನ್ ತೇಪೆಗಳು ದೊಡ್ಡದಾಗುತ್ತವೆ. ಇಸವಿ ಕೆತ್ತಿದ ಗೋರಿಕಲ್ಲುಗಳಂಥ, ವಯಸ್ಸು ಗೊತ್ತಿರುವ ಕಲ್ಲುಗಳ ಮೇಲೆ ಅಳೆದು ಬೆಳವಣಿಗೆಯ ವೇಗ ಕಂಡುಕೊಂಡರೆ, ವಯಸ್ಸು ಗೊತ್ತಿಲ್ಲದ ಕಲ್ಲು ಯಾವಾಗ ಬಯಲಿಗೆ ಬಂತೆಂದು ಅಂದಾಜು ಮಾಡಬಹುದು. ಇದಕ್ಕೆ ಲೈಕೆನೊಮೆಟ್ರಿ ಎನ್ನುತ್ತಾರೆ.

ಇದರಿಂದ ನಮಗೊಂದು ಪಾಯಿಂಟ್ ಸಿಗುತ್ತದೆ. ಅಂಗೈಯಗಲದ ತೇಪೆ ಕಂಡರೆ ಅದು ಹೇಳುವುದು ಇವತ್ತಿನ ಗಾಳಿಯ ಸುದ್ದಿಯಲ್ಲ, ನೂರಾರು ವರ್ಷಗಳ ಸುದ್ದಿ. ಬೆಟ್ಟದ ಪಕ್ಕ ಮೂರು ವರ್ಷದ ಹಿಂದೆ ಕಾರ್ಖಾನೆ ಬಂದಿದ್ದರೆ, ಹಳೆಯ ತೇಪೆ ಇನ್ನೂ ಅಲ್ಲೇ ಅಂಟಿಕೊಂಡಿದೆ ಎಂಬುದರಿಂದ ಏನೂ ಸಾಬೀತಾಗದು. ಹಾಗೆಯೇ ಹೆಸರು ಕೆತ್ತಲು, ಲವ್ ಸಿಂಬಲ್ ಬರೆಯಲು ಒಬ್ಬರು ಎರಡು ನಿಮಿಷದಲ್ಲಿ ಕೆರೆದು ಹಾಕಿದ್ದು ಅವರ ಮೊಮ್ಮಕ್ಕಳ ಕಾಲಕ್ಕೂ ಮತ್ತೆ ತುಂಬಿಕೊಂಡಿರುವುದಿಲ್ಲ. ಚಾರಣದ ದಾರಿಗಳಲ್ಲಿ ಇದನ್ನು ನೋಡಿ ನೋಡಿ ನಮಗೆ ಸಾಕಾಗಿದೆ.

ನಮ್ಮ ಬೆಟ್ಟಗಳ ಲೆಕ್ಕ ಬೇರೆ

ಆಲ್ಪ್ಸ್‌ನ ಲೆಕ್ಕವನ್ನು ನೇರವಾಗಿ ಮುಳ್ಳಯ್ಯನಗಿರಿಗೋ ಸಾವನದುರ್ಗಕ್ಕೋ ಹಾಕಲು ಬರುವುದಿಲ್ಲ. ನಮ್ಮಲ್ಲಿ ಹಿಮವಿಲ್ಲ, ಮುಂಗಾರಿದೆ. ಕೆಲವು ತಿಂಗಳು ಬಂಡೆ ಒಣಗುವುದೇ ಇಲ್ಲ, ಇನ್ನು ಕೆಲವು ತಿಂಗಳು ಕಾವಲಿಯಂತೆ ಕಾಯುತ್ತದೆ.

ಹಿಂದೆ ಹೇಳಿದ ಆದಾಯ ಖರ್ಚಿನ ಲೆಕ್ಕ ನೆನಪಿಸಿಕೊಳ್ಳಿ. ರಾತ್ರಿ ಒದ್ದೆಯಾಗಿದ್ದರೆ ಖರ್ಚು, ರಾತ್ರಿ ಬೆಚ್ಚಗೂ ಇದ್ದರೆ ಖರ್ಚು ಇನ್ನೂ ಹೆಚ್ಚು, ಏಕೆಂದರೆ ಬಿಸಿ ಏರಿದಂತೆ ಉಸಿರಾಟದ ವೇಗವೂ ಏರುತ್ತದೆ. ಹಗಲು ದುಡಿದದ್ದೆಲ್ಲ ರಾತ್ರಿ ಕರಗಿಹೋಗುತ್ತದೆ. ಉಷ್ಣವಲಯದ ತಗ್ಗು ಪ್ರದೇಶಗಳಲ್ಲಿ ಎಲೆಯಂತೆ ಅರಳಿದ ದೊಡ್ಡ ಲೈಕೆನ್‌ಗಳು ಕಡಿಮೆ, ತಂಪಾದ ಎತ್ತರಗಳಲ್ಲಿ ಹೆಚ್ಚು ಇರುವುದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಇದು. ಕರಾವಳಿಯ ಕಲ್ಲಿನ ಮೇಲೆ ಬಣ್ಣ ಬಳಿದಂಥ ಚಪ್ಪಟೆ ಲೈಕೆನ್‌ಗಳೇ ಹೆಚ್ಚಾಗಿ ಕಂಡು, ಘಟ್ಟದ ಮೇಲೆ ಮಂಜು ಮುಸುಕುವ ಜಾಗದಲ್ಲಿ ಎಲೆಯಂಥವು ಕಂಡರೆ "ಕರಾವಳಿಯ ಗಾಳಿ ಕೆಟ್ಟಿದೆ" ಎಂದು ಹಾರಬೇಡಿ. ರಾತ್ರಿಯ ಸೆಕೆಗೂ ಇದರಲ್ಲಿ ಪಾಲಿದೆ.

ಇನ್ನೊಂದು ಉದಾಹರಣೆ ಬೆಂಗಳೂರಿನಿಂದ ಒಂದೆರಡು ಗಂಟೆ ದೂರದ ಒಂಟಿಬಂಡೆ ಬೆಟ್ಟಗಳದು. ದೂರದಿಂದ ನೋಡಿದರೆ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಹೊಗೆಯ ಮಸಿ ಎಂದು ಭಾವಿಸುವವರಿದ್ದಾರೆ. ಉಷ್ಣವಲಯದ ಇಂಥ ಬರಿಬಂಡೆಗಳ ಮೇಲಿನ ಕಪ್ಪು ಬಣ್ಣ ಸಾಮಾನ್ಯವಾಗಿ ನೀಲಿ-ಹಸಿರು ಪಾಚಿ ಮತ್ತು ಅದನ್ನು ಒಳಗಿಟ್ಟುಕೊಂಡ ಲೈಕೆನ್‌ಗಳದ್ದು. ಮಳೆನೀರು ಇಳಿಯುವ ದಾರಿಯೇ ಅವುಗಳ ಹೊಲ. ಇಲ್ಲೂ ಪಟ್ಟೆ ಎಲ್ಲಿದೆ ಎಂದು ಗೆರೆ ಎಳೆದದ್ದು ನೀರು.

ಹಾಗಾದರೆ ಗಾಳಿಯ ಮಾತು ಎಲ್ಲಿಂದ ಬಂತು?

ಸುಳ್ಳಿನಿಂದ ಬಂದದ್ದಲ್ಲ. ಫಿನ್‌ಲೆಂಡ್ ಮೂಲದ ವಿಲಿಯಂ ನೈಲಾಂಡರ್ 1866ರಲ್ಲಿ ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಮರಗಳ ಮೇಲೆ ಇರುವ ಲೈಕೆನ್‌ಗಳು ನಗರದ ಬೇರೆ ಕಡೆ ಕಾಣುವುದಿಲ್ಲ ಎಂದು ಗಮನಿಸಿ, ಗಾಳಿಯ ಗುಣವನ್ನು ಇವುಗಳಿಂದ ಅಳೆಯಬಹುದು ಎಂದು ಬರೆದರು. (ಶ್ವೆಂಡನರ್ ಹೇಳಿದ "ಎರಡು ಜೀವಿ" ವಾದವನ್ನು ಕೊನೆಯವರೆಗೂ ಒಪ್ಪದವರು ಇದೇ ನೈಲಾಂಡರ್. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು.) ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಲೈಕೆನ್‌ನ ಒಳಕ್ಕೆ ಸೇರುತ್ತದೆ. ತಡೆಯಲು ಮೇಣದ ಪದರವಿಲ್ಲ. ಪಾಚಿ ಸಾಯುತ್ತದೆ, ಸಂಸಾರ ಒಡೆಯುತ್ತದೆ. ಬಾಹ್ಯಾಕಾಶದಲ್ಲಿ ಮಲಗಿ ಬದುಕುಳಿದ ಜೀವ, ಒದ್ದೆಯಾಗಿ ಎಚ್ಚರವಿದ್ದಾಗ ಪೇಟೆಯ ಹೊಗೆಗೆ ಸೋಲುತ್ತದೆ.

ಆದರೆ ಎಲ್ಲ ಲೈಕೆನ್‌ಗಳೂ ಹೀಗೆ ಸೋಲುವುದಿಲ್ಲ. ಕೆಲವು ಗಂಧಕವನ್ನು ತಕ್ಕಮಟ್ಟಿಗೆ ಸಹಿಸುತ್ತವೆ. ಇನ್ನು ಕೆಲವಕ್ಕೆ ಮಾಲಿನ್ಯವೇ ಊಟ. ಯುರೋಪಿನ ದನದ ಫಾರ್ಮ್‌ಗಳ ಸುತ್ತ ಅಮೋನಿಯಾ ಹೆಚ್ಚಿದ ಕಡೆ ಸೂಕ್ಷ್ಮ ಲೈಕೆನ್‌ಗಳು ಮಾಯವಾಗಿ, ಕಿತ್ತಳೆ ಹಳದಿಯ ಝ್ಯಾಂತೋರಿಯಾ ಪ್ಯಾರಿಯೆಟಿನಾ ಮರ ಗೋಡೆಗಳನ್ನೆಲ್ಲ ತುಂಬಿಕೊಂಡಿದೆ. ಅಲ್ಲಿನವರಿಗೆ ಅದು ಎಚ್ಚರಿಕೆಯ ಬಣ್ಣ.

ವಿಜ್ಞಾನಿಗಳು ಲೈಕೆನ್‌ನಿಂದ ಗಾಳಿ ಅಳೆಯುವಾಗ ಒಂದು ಫೋಟೋ ನೋಡಿ ಹೇಳುವುದಿಲ್ಲ. 2014ರಲ್ಲಿ ಯುರೋಪ್ ಇದಕ್ಕೊಂದು ಅಧಿಕೃತ ಮಾನಕ ತಂದಿತು. ಅದು ಬಳಸುವುದು ಬಂಡೆಯನ್ನಲ್ಲ, ಮರದ ಕಾಂಡವನ್ನು. ತೊಗಟೆಯ ಗುಣ ಹೋಲುವ, ಹೆಚ್ಚು ಓರೆಯಾಗಿರದ ಮರಗಳನ್ನು ಆರಿಸಿ, ಕಾಂಡದ ನಾಲ್ಕೂ ದಿಕ್ಕಿಗೆ ಚೌಕಟ್ಟು ಇಟ್ಟು, ಯಾವ ಯಾವ ಬಗೆ ಎಷ್ಟು ಚೌಕದಲ್ಲಿದೆ ಎಂದು ಎಣಿಸುತ್ತಾರೆ. ಉಳಿದದ್ದೆಲ್ಲ ಆದಷ್ಟು ಸಮನಾಗಿದ್ದಾಗ ಮಾತ್ರ ವ್ಯತ್ಯಾಸಕ್ಕೆ ಗಾಳಿ ಕಾರಣ ಎನ್ನಲು ಸಾಧ್ಯ. ಬೆಟ್ಟದ ಬಂಡೆಗಳ ಮೇಲೆ ಆ ಸಮಾನತೆ ಸಿಗುವುದು ಕಷ್ಟ.

ಜೊತೆಗೆ ಬರುವ ಉಳಿದ ಮಾತುಗಳು

ಕಲ್ಲುಹೂವು "ಆಕ್ಸಿಜನ್ ಫ್ಯಾಕ್ಟರಿ" ಎಂಬುದಕ್ಕೆ ಅರ್ಥವಿಲ್ಲ. ವರ್ಷಕ್ಕೊಂದು ಮಿಲಿಮೀಟರ್ ಬೆಳೆಯದ ಜೀವ ಬಿಡುವ ಆಮ್ಲಜನಕದಿಂದ ಪಕ್ಕದಲ್ಲಿ ನಿಂತವರ ಉಸಿರಿಗೆ ಏನೂ ಬದಲಾಗದು. ಹತ್ತು ನಿಮಿಷದಲ್ಲಿ ಶ್ವಾಸಕೋಶ ತೊಳೆಯುವುದೂ ಸುಳ್ಳು.

ಕಲ್ಲಿನ ಮೇಲೆ ಬೆಳೆಯುತ್ತದೆ, ಆದ್ದರಿಂದ ಕಿಡ್ನಿ ಕಲ್ಲು ಕರಗಿಸುತ್ತದೆ ಎಂಬ ಮಾತೂ ಓಡಾಡುತ್ತಿದೆ. ಆಯುರ್ವೇದದಲ್ಲಿ ಶೈಲೇಯ ಎಂಬ ಹೆಸರಿನಲ್ಲಿ ಇದರ ಬಳಕೆ ಇದೆ ನಿಜ. ಆದರೆ ಫಾರ್ವರ್ಡ್ ನೋಡಿ ಬೆಟ್ಟದಿಂದ ಕೆರೆದು ತಂದು ಕಷಾಯ ಮಾಡಿ ಕುಡಿಯುವುದು ಅಪಾಯ. ಲೈಕೆನ್ ಗಾಳಿ ಮಳೆಯಲ್ಲಿ ಬರುವ ಸೀಸದಂಥ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುತ್ತದೆ, ಕೆಲವು ಬಗೆಗಳಂತೂ ಸ್ವತಃ ವಿಷ. ಕಿಡ್ನಿಯಲ್ಲಿ ಕಲ್ಲಿದ್ದರೆ ಸ್ಕ್ಯಾನ್ ಮಾಡಿಸಿ ವೈದ್ಯರನ್ನು ಕಾಣಿ. ಅಡುಗೆಗೆ ಹಾಕುವ ಒಂದೆರಡು ಎಸಳಿನ ಬಗ್ಗೆ ನಾವು ಹೇಳುತ್ತಿಲ್ಲ, ಬಿಸಿಬೇಳೆಬಾತ್ ನೆಮ್ಮದಿಯಾಗಿ ಮಾಡಿ.

ಕ್ವಾರಿ ಪಕ್ಕದ ಊರಿಗೆ

ಈಗ ಆ ಓದುಗರ ಪ್ರಶ್ನೆ. ಸುಣ್ಣಕಲ್ಲಿನ ಗುಡ್ಡದ ಮೇಲೆ ಕಿತ್ತಳೆ ಲೈಕೆನ್ ಇದೆ ಎಂದರೆ ಮೂರು ಕಾರಣಗಳಿರಬಹುದು. ಕಲ್ಲೇ ಸುಣ್ಣಕಲ್ಲಾದ್ದರಿಂದ ಕ್ವಾರಿ ಬರುವ ಮೊದಲಿನಿಂದಲೂ ಇದ್ದಿರಬಹುದು. ಹಕ್ಕಿಗಳು ಕೂರುವ, ಕುರಿ ಆಡುಗಳು ಮಲಗುವ ಬಂಡೆಯಾಗಿರಬಹುದು. ಮೂರನೆಯದನ್ನು ಬಾಯಿ ಮುಚ್ಚಿಸುವವರು ಕೇಳಿಸಿಕೊಳ್ಳಬೇಕು: ಸುಣ್ಣದ ಧೂಳು ಕೂತು ಕೂತು ಸುತ್ತಲಿನ ಮೇಲ್ಮೈಗಳೆಲ್ಲ ಕ್ಷಾರೀಯವಾಗಿ, ಸುಣ್ಣ ಇಷ್ಟಪಡುವ ಲೈಕೆನ್‌ಗಳಿಗೆ ಅನುಕೂಲವಾಗಿರಬಹುದು. ಸಿಮೆಂಟ್ ಕಾರ್ಖಾನೆ, ಸುಣ್ಣಕಲ್ಲಿನ ಗಣಿಗಳ ಸುತ್ತ ಮರದ ತೊಗಟೆಯ ಮೇಲೂ ಇಂಥ ಲೈಕೆನ್‌ಗಳು ಬಂದು ಸೇರುವುದನ್ನು ಯುರೋಪಿನ ಅಧ್ಯಯನಗಳು ದಾಖಲಿಸಿವೆ. ಅಂದರೆ ಅವರು ಶುದ್ಧ ಗಾಳಿಗೆ ಸಾಕ್ಷಿಯೆಂದು ತೋರಿಸುತ್ತಿರುವ ಬಣ್ಣವೇ ಧೂಳಿಗೆ ಸಾಕ್ಷಿಯಾಗಿರುವ ಸಾಧ್ಯತೆಯೂ ಇದೆ.

ಮೂರರಲ್ಲಿ ಯಾವುದು ಎಂದು ಫೋಟೋದಿಂದ ಹೇಳಲು ಬರುವುದಿಲ್ಲ. ಸುಳಿವು ಬೇಕಿದ್ದರೆ ಬಂಡೆ ಬಿಟ್ಟು ಮರ ನೋಡಿ. ಕ್ವಾರಿಯ ಹತ್ತಿರ ಮತ್ತು ನಾಲ್ಕೈದು ಕಿಲೋಮೀಟರ್ ದೂರ, ಒಂದೇ ಜಾತಿಯ, ಹೆಚ್ಚುಕಮ್ಮಿ ಒಂದೇ ದಪ್ಪದ ಮರಗಳನ್ನು ಹುಡುಕಿ, ಮಾವಿನ ಮರವೋ ಬೇವೋ ಯಾವುದಾದರೂ ಸರಿ. ಎದೆಯೆತ್ತರದಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದಿಡಿ, ದಿನಾಂಕ ಬರೆದಿಡಿ. ಎರಡೂ ಕಡೆ ಬಣ್ಣ, ಬಗೆ ಬೇರೆ ಬೇರೆ ಇದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಬಹುದು.

ಆದರೆ ಊರಿನವರ ಎದೆಗೆ ಇಳಿಯುವ ಧೂಳಿನ ಬಗ್ಗೆ ಲೈಕೆನ್ ಹೇಳುವುದು ಬಹಳ ಕಡಿಮೆ. ಅದು ಹೆಚ್ಚಾಗಿ ಪ್ರತಿಕ್ರಿಯಿಸುವುದು ಗಂಧಕ, ಅಮೋನಿಯಾದಂಥ ಅನಿಲಗಳಿಗೆ. ಅದಕ್ಕೆ ಶ್ವಾಸಕೋಶವಿಲ್ಲ, ಕೆಮ್ಮೂ ಬರುವುದಿಲ್ಲ. ಧೂಳಿಗೆ ಪಿಎಂ 10, ಪಿಎಂ 2.5 ಎಂಬ ಅಳತೆಗಳಿವೆ. ದೇಶದ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿ ಪಿಎಂ 10 ಘನ ಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ 2.5 60 ಮೈಕ್ರೋಗ್ರಾಂ ದಾಟಬಾರದು. ಊರಿನಲ್ಲಿ ಅದನ್ನು ಅಳೆಸಿಕೊಡಿ ಎಂದು ಗ್ರಾಮ ಪಂಚಾಯಿತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಕೇಳಬಹುದು. ಈಗಾಗಲೇ ಅಳೆದ ವರದಿ ಇದ್ದರೆ ಮಾಹಿತಿ ಹಕ್ಕು ಅರ್ಜಿಯಲ್ಲಿ ಪಡೆಯಬಹುದು. ಅರ್ಜಿ ಕೊಟ್ಟ ದಿನ ಸ್ವೀಕೃತಿಯ ಸೀಲ್ ಹಾಕಿಸಿಕೊಂಡ ಪ್ರತಿಯನ್ನು ಜೋಪಾನ ಮಾಡಿ.